ಫ್ಯಾಂಟಮ್ ಲೂನಾ: ಮಿಡ್‌ಫೀಲ್ಡರ್ ಕಣ್ಣಿನಿಂದ ನೋಡಿದರೆ

ಫುಟ್‌ಬಾಲ್ ಬೂಟು ಕೈಗೆ ಬಂದ ಕೂಡಲೇ ಎಲ್ಲರೂ ಬಣ್ಣ ನೋಡುತ್ತಾರೆ, ಆಮೇಲೆ ತೂಕ ನೋಡುತ್ತಾರೆ. ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್ ಆದವಳು ಮೊದಲು ಅದನ್ನು ಮಗುಚಿ ಅಡಿ ನೋಡಬೇಕು. ಮೈದಾನದ ಅಂಚಿನಲ್ಲಿ ಆಡುವ ವಿಂಗರ್ ಹೆಚ್ಚಾಗಿ ನೇರಕ್ಕೆ ಓಡುತ್ತಾಳೆ. ಮಿಡ್‌ಫೀಲ್ಡರ್ ಕೆಲಸವೇ ಬೇರೆ: ಗೋಲಿಗೆ ಬೆನ್ನು ಕೊಟ್ಟು ಚೆಂಡು ತೆಗೆದುಕೊಳ್ಳಬೇಕು, ಎದುರಾಳಿ ಮೈಮೇಲೆ ಬರುವಷ್ಟರಲ್ಲಿ ತಿರುಗಿ ಪಾಸ್ ಕೊಡಬೇಕು. ಪಂದ್ಯವೊಂದಕ್ಕೆ ಹತ್ತು ಕಿಲೋಮೀಟರ್ ಆಸುಪಾಸು ಓಟ, ಅದರ ತುಂಬ ಇಂಥ ತಿರುವುಗಳು.

2023ರ ಮಹಿಳಾ ವಿಶ್ವಕಪ್‌ಗೆ ಸ್ವಲ್ಪ ಮುಂಚೆ ನೈಕಿ ಬಿಟ್ಟ ಫ್ಯಾಂಟಮ್ ಲೂನಾ ಬೂಟಿನ ಅಸಲು ಸಂಗತಿ ಇರುವುದು ಈ ಅಡಿಯಲ್ಲೇ. ಮುಂಗಾಲಿನ ಉಬ್ಬಿನ ಕೆಳಗೆ ಸ್ಟಡ್‌ಗಳನ್ನು (ನೆಲ ಕಚ್ಚುವ ಮೊಳೆಯಂಥ ಉಬ್ಬುಗಳನ್ನು) ವೃತ್ತಾಕಾರದಲ್ಲಿ ಕೂರಿಸಿದ್ದಾರೆ. ಕಂಪನಿ ಇದಕ್ಕಿಟ್ಟ ಹೆಸರು ಸೈಕ್ಲೋನ್ 360. ಹೆಸರು ಜಾಹೀರಾತಿನದ್ದು, ಲೆಕ್ಕಾಚಾರ ಮಾತ್ರ ಗಟ್ಟಿ. ಕಾಲು ವೃತ್ತದ ನಡುವನ್ನು ಕೇಂದ್ರ ಮಾಡಿಕೊಂಡು ತಿರುಗಿದಾಗ ಒಂದು ಸ್ಟಡ್ ಕೊರೆದ ಜಾಡಿನಲ್ಲೇ ಹಿಂದಿನ ಸ್ಟಡ್ ಸಾಗುತ್ತದೆ. ಹೊಸ ಮಣ್ಣು ಕೊರೆಯುವ ಕೆಲಸ ಕಡಿಮೆ, ಹಾಗಾಗಿ ಕಾಲು ಬೇಗ ಬಿಟ್ಟುಕೊಳ್ಳುತ್ತದೆ. ಅಂಚಿನುದ್ದಕ್ಕೂ ಚಪ್ಪಟೆಯಾದ ಬ್ಲೇಡ್ ಸ್ಟಡ್ ಇರುವ ಬೂಟಿನಲ್ಲಿ ಪ್ರತಿ ಬ್ಲೇಡೂ ಅಡ್ಡಡ್ಡ ಮಣ್ಣು ತಳ್ಳಬೇಕು. ಒದ್ದೆ ಮಣ್ಣಿನ ಮೇಲೆ ಎರಡನ್ನೂ ಒತ್ತಿ ತಿರುಗಿಸಿ ನೋಡಿ: ಒಂದರ ಗುರುತು ಬಳೆಯಂತೆ ದುಂಡಗೆ, ಇನ್ನೊಂದರದ್ದು ಬೀಸಣಿಗೆ ಎಳೆದಂತೆ ಗೀರುಗೀರು.

ಇದಕ್ಕಿಷ್ಟು ಮಹತ್ವ ಏಕೆಂದರೆ ಮಂಡಿಯ ಮೂಳೆಗಳನ್ನು ಕಟ್ಟಿಹಿಡಿಯುವ ಎಸಿಎಲ್ ಅಸ್ಥಿರಜ್ಜು. ಅದು ಹರಿಯುವುದು ಎಷ್ಟೋ ಸಲ ಯಾರೂ ತಾಗದೆಯೇ. ಪಾದ ನೆಲಕ್ಕೆ ಕಚ್ಚಿಕೊಂಡು ನಿಂತಿರುತ್ತದೆ, ಮೈ ತಿರುಗುತ್ತದೆ, ಮಂಡಿ ಒಳಕ್ಕೆ ಬಾಗುತ್ತದೆ. ಆಟಗಾರ್ತಿಯರಲ್ಲಿ ಈ ಗಾಯ ಪುರುಷರಿಗಿಂತ ಹೆಚ್ಚು. ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ ಅನ್ನು 2021ರಲ್ಲಿ ಗೆದ್ದ ಬಾರ್ಸಿಲೋನಾದ ಮಿಡ್‌ಫೀಲ್ಡರ್ ಅಲೆಕ್ಸಿಯಾ ಪುತೆಯಾಸ್ 2022ರ ಜುಲೈನಲ್ಲಿ, ಯೂರೋಪಿನ ದೇಶಗಳ ಟೂರ್ನಿ ಯೂರೋ ಶುರುವಾಗುವ ಹೊತ್ತಿಗೆ, ಅಭ್ಯಾಸದಲ್ಲಿ ಇದೇ ಗಾಯಕ್ಕೆ ಸಿಕ್ಕಿ ಮುಂದಿನ ಏಪ್ರಿಲ್‌ವರೆಗೆ ಆಡಲಿಲ್ಲ. ಹಾಗಂತ ಎಲ್ಲವನ್ನೂ ಬೂಟಿನ ತಲೆಗೆ ಕಟ್ಟುವಂತಿಲ್ಲ. ಸ್ನಾಯುಬಲ, ಆಯಾಸ, ನೆಲ, ಹಿಂದಿನ ಗಾಯ ಎಲ್ಲವೂ ಸೇರುತ್ತವೆ. ಈ ಬೂಟು ಹಾಕಿದರೆ ಮಂಡಿಗೆ ಏನೂ ಆಗದು ಎನ್ನುವ ಅಂಗಡಿಯವನ ಮಾತನ್ನು ನಂಬಬೇಡಿ.

ಇನ್ನೊಂದು ವಿಷಯ. ವೃತ್ತ ಇರುವುದು ಮುಂಗಾಲಿನ ಕೆಳಗೆ ಮಾತ್ರ. ಹಿಮ್ಮಡಿ ಊರಿಕೊಂಡೇ ತಿರುಗುವ ಅಭ್ಯಾಸ ಇದ್ದರೆ ಹಿಂದಿನ ಸ್ಟಡ್‌ಗಳು ಹಿಡಿದು ನಿಲ್ಲಿಸುತ್ತವೆ, ಕೊಟ್ಟ ದುಡ್ಡು ದಂಡ. ಹಿಮ್ಮಡಿ ಎತ್ತಿ, ಮುಂಗಾಲಿನ ಮೇಲೆ ತಿರುಗುವವರಿಗಷ್ಟೇ ಇದರ ಲಾಭ.

ಅಳತೆಗೆ ಬರೋಣ. ಮಹಿಳೆಯರ ಬೂಟು ಎಂದರೆ ಬಹುಕಾಲ ಪುರುಷರ ಬೂಟನ್ನೇ ಕುಗ್ಗಿಸಿ ಬಣ್ಣ ಬದಲಿಸಿದ್ದು. ಹೆಣ್ಣಿನ ಪಾದದಲ್ಲಿ ಮುಂಗಾಲಿನ ಅಗಲಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು. ಆದ್ದರಿಂದ ಬೆರಳಿಗೆ ಸರಿಯಾದರೆ ಹಿಂದೆ ಜಾರುತ್ತದೆ, ಹಿಂದೆ ಸರಿಯಾದರೆ ಕಿರುಬೆರಳು ಸಾಯುತ್ತದೆ. ಯೂರೋಪಿನ ಕ್ಲಬ್‌ಗಳ ಸಂಘ ನಡೆಸಿದ ಸಮೀಕ್ಷೆಯಲ್ಲಿ 82% ಆಟಗಾರ್ತಿಯರು ಬೂಟಿನಿಂದ ನೋವು ಅಥವಾ ಕಿರಿಕಿರಿ ಇದೆ ಎಂದಿದ್ದರು. ಲೂನಾ ಹೆಣ್ಣಿನ ಪಾದವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಆದರೂ ಕುರುಡಾಗಿ ಕೊಳ್ಳಬೇಡಿ. ಒಳಗಿನ ಮೆತ್ತೆ, ಅಂದರೆ ಇನ್‌ಸೋಲ್, ಹೊರತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳ ಕಡೆ ಪಾದ ಅಂಚು ದಾಟಿ ಚಾಚಿದರೆ ಆ ಬೂಟು ನಿಮ್ಮದಲ್ಲ. ಉದ್ದನೆಯ ಬೆರಳಿನ ಮುಂದೆ 5ರಿಂದ 8 ಮಿ.ಮೀ. ಜಾಗ ಸಾಕು. ಹೆಣೆದ ಬಟ್ಟೆಯ ಮೇಲ್ಭಾಗ ಆಡಾಡುತ್ತ ಸಡಿಲವಾಗುತ್ತದೆ, ಹಾಗಾಗಿ ಹೊಸದರಲ್ಲೇ ಸಡಿಲ ಇರುವುದನ್ನು ಬಿಡಿ. ಸಂಜೆ ಹೊತ್ತು, ಪಾದ ಕೊಂಚ ಊದಿರುವಾಗ, ಪಂದ್ಯಕ್ಕೆ ಹಾಕುವ ಸಾಕ್ಸ್‌ನಲ್ಲೇ ಹಾಕಿ ನೋಡಿ. ಅಮೆರಿಕನ್ ನಂಬರಿನಲ್ಲಿ ಪುರುಷರ ಮತ್ತು ಮಹಿಳೆಯರ ಅಳತೆಗೆ ಸಾಮಾನ್ಯವಾಗಿ 1.5 ವ್ಯತ್ಯಾಸ. ಎಡವುವುದು ಇಲ್ಲೇ. ಡಬ್ಬಿಯ ಮೇಲಿನ ಸೆಂಟಿಮೀಟರ್ ನೋಡಿ ತೆಗೆದುಕೊಂಡರೆ ಗೊಂದಲವಿಲ್ಲ. ಹೆರಿಗೆಯ ನಂತರ ಆಟಕ್ಕೆ ಮರಳುವವರು ಹಳೆಯ ನಂಬರ್ ನೆಚ್ಚಿಕೊಳ್ಳದೆ ಹೊಸದಾಗಿ ಅಳೆಸಿಕೊಳ್ಳಲಿ. ಬಸಿರಿನಲ್ಲಿ ಪಾದದ ಕಮಾನು ಇಳಿದು ಉದ್ದ ಹೆಚ್ಚಿರಬಹುದು.

ಗ್ರಿಪ್‌ನಿಟ್ ಎಂಬ ಮೇಲ್ಭಾಗ ಮುಟ್ಟಿದರೆ ತುಸು ಅಂಟಂಟು. ಮಳೆಯಲ್ಲಿ ಚೆಂಡು ಜಾರಿ ಹೋಗದಂತೆ ಹಿಡಿಯುತ್ತದೆ. ಕೆಸರು ಒಣಗಲು ಬಿಟ್ಟರೆ ಹೆಣಿಗೆಯ ಕಣ್ಣುಗಳಲ್ಲಿ ಮಣ್ಣು ಕೂತು ಆ ಗುಣ ಮಂಕಾಗುತ್ತದೆ. ಆಟ ಮುಗಿದ ಕೂಡಲೇ ತಣ್ಣೀರು, ಮೆತ್ತನೆಯ ಬ್ರಷ್. ಒಳಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ವಾಷಿಂಗ್ ಮಷೀನ್, ಹೀಟರ್ ಎರಡೂ ಅಂಟು ಬಿಡಿಸುತ್ತವೆ. ತೆಳುವಾದ ಹೆಣಿಗೆ ಎಂದಮೇಲೆ ತುಳಿತಕ್ಕೆ ರಕ್ಷಣೆ ಕಮ್ಮಿ. ಗುಂಪಿನ ನಡುವೆ ಟ್ಯಾಕಲ್ ಮಾಡುತ್ತಲೇ ಇರುವ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ಇದೊಂದು ಕೊರತೆಯೇ. ಅವಳಿಗೆ ಚರ್ಮದ ಬೂಟು ಇನ್ನೂ ಒಳ್ಳೆಯದು.

ಎಫ್‌ಜಿ ಎಂದು ಬರೆದ ಜೋಡಿ ಗಟ್ಟಿ ನೆಲದ ಸಹಜ ಹುಲ್ಲಿಗೆ. ಕೃತಕ ಟರ್ಫ್‌ನ ರಬ್ಬರ್ ಕಾಳುಗಳಲ್ಲಿ ಅದರ ಸ್ಟಡ್ ಆಳಕ್ಕಿಳಿದು ಹಿಡಿದುಕೊಳ್ಳಬಹುದು. ತಿರುವು ಹಗುರ ಮಾಡಲು ಕೊಂಡ ಬೂಟು ಅಲ್ಲಿ ತದ್ವಿರುದ್ಧ ಕೆಲಸ ಮಾಡುತ್ತದೆ. ಟರ್ಫ್‌ಗೆ ಎಜಿ ಅಡಿಯ ಬೇರೆ ಜೋಡಿ ಇರಲಿ, ಕೆಸರಿಗೆ ಎಸ್‌ಜಿ.

ಹೊಸ ಜೋಡಿಯನ್ನು ನೇರ ಪಂದ್ಯಕ್ಕೆ ಹಾಕಬೇಡಿ, ಮೂರ್ನಾಲ್ಕು ಅಭ್ಯಾಸಗಳಲ್ಲಿ 20-30 ನಿಮಿಷ ಆಡಿ ಪಳಗಿಸಿ. ತಿಂಗಳಿಗೊಮ್ಮೆ ಅಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ. ಹೆಬ್ಬೆರಳ ಕೆಳಗಿನ ಸ್ಟಡ್‌ಗಳು ಉಳಿದವುಗಳಿಗಿಂತ ಗಿಡ್ಡವಾಗಿದ್ದರೆ ವೃತ್ತ ಒಂದು ಬದಿಗೆ ವಾಲಿದೆ ಎಂದರ್ಥ. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ಆ ಜೋಡಿಯನ್ನು ಪಂದ್ಯಕ್ಕೆ ಹಾಕುವಂತಿಲ್ಲ.