ಸರಸ್ವತಿಪುರಂನ ಆಂಟಿ ಮೆಸ್: ಊಟ ಅಂದರೆ ಹೆದರುವವರ ಲೆಕ್ಕದಲ್ಲಿ

ಬೋರ್ಡ್ ಇಲ್ಲ. ಹಳೇ ಮನೆ, ಮುಂದಿನ ಹಾಲ್‌ನಲ್ಲಿ ನಾಲ್ಕು ಟೇಬಲ್. ಮೈಸೂರು ವಿಶ್ವವಿದ್ಯಾಲಯದ ಮಾನಸ ಗಂಗೋತ್ರಿಯ ಹುಡುಗ ಹುಡುಗಿಯರೆಲ್ಲ ಆಂಟಿ ಮೆಸ್ ಎನ್ನುತ್ತಾರೆ. ಊಟಕ್ಕೆ 70 ರೂಪಾಯಿ. ಬಸ್ಸಾರು ಬಹಳ ಚೆನ್ನಾಗಿರುತ್ತದೆ, ಪಲ್ಯಕ್ಕೆ ಎಣ್ಣೆ ಜಾಸ್ತಿ, ಬಿಸಿಬೇಳೆಬಾತ್ ಸುಮಾರು. ರುಚಿಗೆ ಹತ್ತಕ್ಕೆ ಏಳು ಕೊಡುತ್ತೇನೆ. ಆದರೆ ನಾನು ದಿನಾ ಇಲ್ಲಿಗೆ ಹೋಗುವುದು ರುಚಿಗಲ್ಲ. ನನಗೆ ಅನೋರೆಕ್ಸಿಯಾ ಇದೆ, ಚಿಕಿತ್ಸೆ ನಡೆಯುತ್ತಿದೆ.

ಇದು ಹಸಿವಾಗದ ಕಾಯಿಲೆ ಅಲ್ಲ. ಹಸಿವು ಇರುತ್ತದೆ, ತೂಕ ಏರುತ್ತದೆ ಅಂತ ತಿನ್ನಲು ಭಯ. ಮಂಡ್ಯದ ನಮ್ಮ ಮನೆಯಲ್ಲಿ ಮೊದಲು ಗ್ಯಾಸ್ಟ್ರಿಕ್ ಅಂದುಕೊಂಡರು. ನಾನೂ ಹೊಟ್ಟೆ ಉಬ್ಬರ, ಊಟ ಸೇರಲ್ಲ ಅಂತಲೇ ಹೇಳುತ್ತಿದ್ದೆ. ಗುರುವಾರ, ಶನಿವಾರ ಒಪ್ಪತ್ತು ಶುರು ಮಾಡಿದಾಗ ಅಜ್ಜಿಗೆ ಖುಷಿಯೋ ಖುಷಿ. ಆಮೇಲೆ ಮುಟ್ಟು ನಿಂತಿತು. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬೇಕಾಯಿತು. ಕೂದಲು ಉದುರಿತು. ಕೊನೆಗೆ ತಲೆ ಸುತ್ತಿ ಬಿದ್ದು ಆಸ್ಪತ್ರೆ ಸೇರಿದಾಗ ನಾಡಿ ತೀರಾ ನಿಧಾನ ಇತ್ತು. ತೂಕ ಎಷ್ಟಿತ್ತು ಅಂತ ಬರೆಯುವುದಿಲ್ಲ. ಈ ಕಾಯಿಲೆ ಇರುವವರು ಮೊದಲು ಆ ಅಂಕಿಯನ್ನೇ ಹುಡುಕಿ, ತಮ್ಮದರ ಜೊತೆ ಹೋಲಿಸಿಕೊಳ್ಳುತ್ತಾರೆ.

ಇದನ್ನು ವಾಸಿ ಮಾಡುವ ಮಾತ್ರೆ ಅಂತ ಇಲ್ಲ. ಹೊತ್ತು ಹೊತ್ತಿಗೆ ಊಟ, ಜೊತೆಗೆ ಮಾತಿನ ಚಿಕಿತ್ಸೆ. ಹದಿಹರೆಯದವರಿಗಾದರೆ, ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅನ್ನುವುದನ್ನು ಸ್ವಲ್ಪ ಕಾಲ ಅಪ್ಪ ಅಮ್ಮನ ಕೈಗೇ ಕೊಡುವ ಪದ್ಧತಿ ಇದೆ, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ನಾನು ಎಂಎಸ್ಸಿ ಓದುವವಳು, ವಯಸ್ಸು ದಾಟಿದೆ. ಆದರೂ ಅಮ್ಮ ಕೆಲವು ದಿನ ಮಂಡ್ಯದಿಂದ ರೈಲು ಹತ್ತಿ ಬಂದು ಎದುರಿಗೆ ಕೂತು ಊಟ ಮಾಡಿಸಿದಳು. ದಿನಾ ಬರೋಕಾಗುತ್ತಾ? ಆಗ ಈ ಮೆಸ್ ಹುಡುಕಿ, ಆಂಟಿಗೆ ಎಲ್ಲಾ ಹೇಳಿ, ನನ್ನನ್ನು ಒಪ್ಪಿಸಿ ಹೋದಳು.

ಇಲ್ಲಿ ಮೆನು ಇಲ್ಲ. ನನ್ನಂಥವರಿಗೆ ಇದು ದೊಡ್ಡ ವಿಷಯ. ಹತ್ತಾರು ಕಡೆ ಮಳಿಗೆ ಇರುವ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು ಅಂತ ನಿಯಮ ಇದೆ. ಬೇರೆಯವರಿಗೆ ಉಪಯೋಗ ಇರಬಹುದು, ನಾನು ಮಾತ್ರ ಆ ಅಂಕಿ ನೋಡಿದರೆ ನೀರು ಕುಡಿದು ಎದ್ದು ಬರುತ್ತೇನೆ. ಆಂಟಿ ಮೆಸ್‌ನಲ್ಲಿ ಬಡಿಸಿದ ಸ್ಟೀಲ್ ತಟ್ಟೆ ನೇರ ಟೇಬಲ್ಲಿಗೆ ಬರುತ್ತದೆ. ನಾನು ಏನೂ ಆರಿಸಬೇಕಿಲ್ಲ. ಮುದ್ದೆ ಇನ್ನೂ ಒಳ್ಳೆಯದು. ಚಪಾತಿಯನ್ನು ಉಗುರಿನಷ್ಟು ಚೂರು ಮಾಡಿ ಅರ್ಧ ಬಚ್ಚಿಡಬಹುದು. ಮುದ್ದೆಯಲ್ಲಿ ಆ ಆಟ ನಡೆಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗಲೇಬೇಕು.

ಇನ್ನೊಂದು, ಇಲ್ಲಿ ಯಾರೂ ಎಬ್ಬಿಸುವುದಿಲ್ಲ. ಒಂದು ತಟ್ಟೆಗೆ ನನಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಸೊಕ್ಕು ಅಂದುಕೊಂಡವರೇ ಜಾಸ್ತಿ. ಅಮೆರಿಕದ ಮಿನ್ನೆಸೋಟಾದಲ್ಲಿ 1944-45ರಲ್ಲಿ 36 ಜನ ಆರೋಗ್ಯವಂತ ಗಂಡಸರ ಊಟವನ್ನು ತಿಂಗಳುಗಟ್ಟಲೆ ಕಡಿಮೆ ಮಾಡಿ ನೋಡಿದ್ದರು. ಅವರೂ ಊಟವನ್ನು ಗಂಟೆಗಟ್ಟಲೆ ಎಳೆದರು, ಅಡುಗೆ ಪುಸ್ತಕ ಓದುತ್ತಾ ಕೂತರು, ಚಳಿ ಚಳಿ ಎಂದರು. ಅಂದರೆ ಈ ವಿಚಿತ್ರಗಳಲ್ಲಿ ಎಷ್ಟೋ, ಮೈ ಉಪವಾಸ ಬಿದ್ದದ್ದರಿಂದಲೇ ಬರುತ್ತವೆ. ಡಾಕ್ಟರ್ ಇದನ್ನು ಹೇಳಿದ ದಿನ ನನಗೆ ಅರ್ಧ ನಾಚಿಕೆ ಹೋಯಿತು. ಆಂಟಿಗೆ ಮಿನ್ನೆಸೋಟಾ ಗೊತ್ತಿಲ್ಲ. "ನಿಧಾನಕ್ಕೆ ತಿನ್ನವ್ವ, ನಾನು ಅವರೆಕಾಯಿ ಬಿಡಿಸ್ಬೇಕು" ಎಂದು ಪಕ್ಕದಲ್ಲೇ ಕೂರುತ್ತಾರೆ. ತಟ್ಟೆಯತ್ತ ನೋಡುವುದೂ ಇಲ್ಲ.

ತೊಂದರೆಗಳೂ ಇವೆ. ಕೈ ತೊಳೆಯುವ ಸಿಂಕ್ ಮೇಲೆ ಇಷ್ಟು ದೊಡ್ಡ ಕನ್ನಡಿ ಯಾಕೆ ಬೇಕಿತ್ತೋ! ಭಾನುವಾರ ರಾತ್ರಿ ಮೆಸ್ ಇಲ್ಲ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತು ತಪ್ಪಿಸುವುದು ನನಗೆ ಸುಲಭವಾಗಿಬಿಡುತ್ತದೆ. ಒಮ್ಮೆ ಆಂಟಿ ಪ್ರೀತಿಯಿಂದಲೇ "ಈಗ ಮೈಕೈ ತುಂಬ್ಕೊಂಡು ಲಕ್ಷಣವಾಗಿದ್ದೀಯ" ಎಂದುಬಿಟ್ಟರು. ಅವತ್ತು ರಾತ್ರಿ ನಾನು ಉಣ್ಣಲಿಲ್ಲ. ಸಣ್ಣಗಾಗಿದ್ದೀಯ ಅಂದರೂ ಕಷ್ಟ, ದಪ್ಪಗಾಗಿದ್ದೀಯ ಅಂದರೂ ಕಷ್ಟ. ಅಮ್ಮ ಫೋನ್ ಮಾಡಿ ಹೇಳಿದ ಮೇಲೆ ಈಗ ಬರೀ ಸೀರಿಯಲ್ ಕಥೆ. ಅದೂ ಒಂಥರಾ ಹಿಂಸೆ, ಆದರೆ ಊಟ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಮೊದಲು ಡಾಕ್ಟರ್, ಆಮೇಲೆ ಮೆಸ್. ತುಂಬಾ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸಿದರೆ ರಕ್ತದಲ್ಲಿ ಫಾಸ್ಫೇಟ್ ಇಳಿದು ಹೃದಯಕ್ಕೇ ಅಪಾಯ. ಅದಕ್ಕೇ ನನ್ನ ಮೊದಲ ದಿನಗಳ ಊಟ ಆಸ್ಪತ್ರೆಯಲ್ಲೇ ಆಯಿತು. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೆಸ್‌ಗೆ ಹೋಗುವುದಾದರೆ ಎರಡು ಗಂಟೆ ಮೇಲೆ ಹೋಗಿ, ಕಾಲೇಜಿನವರ ಗದ್ದಲ ಇಳಿದಿರುತ್ತದೆ. ಕನ್ನಡಿಗೆ ಬೆನ್ನು ಹಾಕುವ ಹಾಗೆ ಕಿಟಕಿ ಪಕ್ಕದ ಟೇಬಲ್ ಹಿಡಿಯಿರಿ. ಚಿಲ್ಲರೆ ತನ್ನಿ, ಆಂಟಿ ಫೋನ್‌ನಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ.