ಮನೆಯ ವಿಡಿಯೋ ಎಡಿಟಿಂಗ್‌ಗೆ ಕೋರ್ ಐ5-12400: ‘ಎಫ್’ ಇಲ್ಲದ್ದನ್ನೇ ಕೊಳ್ಳಿ

ಫೋನಿನಲ್ಲೋ ಕ್ಯಾಮೆರಾದಲ್ಲೋ ತೆಗೆದ ತುಣುಕುಗಳನ್ನು ಕತ್ತರಿಸಿ ಜೋಡಿಸಿ, ಹಾಡು, ಶೀರ್ಷಿಕೆ ಹಾಕಿ ಹತ್ತು ಹದಿನೈದು ನಿಮಿಷದ ವಿಡಿಯೋ ಮಾಡುವವರು ಪ್ರೊಸೆಸರ್ ಆರಿಸುವಾಗ ಕೋರ್‌ಗಳನ್ನು ಎಣಿಸುತ್ತ ಕೂರಬೇಕಿಲ್ಲ. ವಿಡಿಯೋ ಫೈಲನ್ನು ಡೀಕೋಡ್ ಮಾಡುವ, ಅಂದರೆ ಕುಗ್ಗಿಸಿಟ್ಟದ್ದನ್ನು ಬಿಡಿಸಿ ಚಿತ್ರವಾಗಿಸುವ, ಪ್ರತ್ಯೇಕ ಭಾಗ ಚಿಪ್ಪಿನೊಳಗೆ ಇದೆಯೇ ಎಂದು ಮೊದಲು ನೋಡಬೇಕು. 2022ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ ಐ5-12400 ಇಂದಿಗೂ ಈ ಕೆಲಸಕ್ಕೆ ಒಪ್ಪುವುದು ಅದರಿಂದಲೇ.

ಆರು ಕೋರ್, ಹನ್ನೆರಡು ಥ್ರೆಡ್, 4.4 ಗಿಗಾಹರ್ಟ್ಸ್‌ವರೆಗಿನ ವೇಗ, 18 ಎಂಬಿ ಕ್ಯಾಶ್. ಇಷ್ಟು ಬೇರೆ ಚಿಪ್‌ಗಳಲ್ಲೂ ಸಿಗುತ್ತದೆ. ಇದರ ಹೆಚ್ಚುಗಾರಿಕೆ ಯುಎಚ್‌ಡಿ 730 ಗ್ರಾಫಿಕ್ಸ್‌ನೊಳಗಿನ ಕ್ವಿಕ್ ಸಿಂಕ್. ಮೇಲೆ ಹೇಳಿದ ಡೀಕೋಡ್ ಭಾಗ ಇದೇ. ಫೋನು, ಕ್ಯಾಮೆರಾಗಳು ವಿಡಿಯೋ ಕುಗ್ಗಿಸಿಡಲು ಬಳಸುವ ಎಚ್‌ಇವಿಸಿ ಫೈಲಿನಲ್ಲಿ ಹೆಚ್ಚಿನ ಫ್ರೇಮುಗಳು ಪೂರ್ತಿ ಚಿತ್ರಗಳಲ್ಲ, ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಗಿದೆ ಎಂಬ ವಿವರ ಮಾತ್ರ. ಟೈಮ್‌ಲೈನಿನಲ್ಲಿ ನಡುವಿನ ಒಂದು ಫ್ರೇಮಿಗೆ ಹೋದರೆ ಅದಕ್ಕೆ ಸಂಬಂಧಿಸಿದ ಹಲವು ಫ್ರೇಮುಗಳನ್ನು ಬಿಡಿಸಬೇಕು. ಕೋರ್‌ಗಳೇ ಈ ಕೆಲಸಕ್ಕೆ ನಿಂತರೆ 4ಕೆ ತುಣುಕು ತಡವರಿಸುತ್ತದೆ. ಕ್ವಿಕ್ ಸಿಂಕ್ ವಹಿಸಿಕೊಂಡರೆ ಕೋರ್‌ಗಳು ಬಣ್ಣ ತಿದ್ದುವುದಕ್ಕೂ ಎಫೆಕ್ಟ್‌ಗಳಿಗೂ ಬಿಡುವಾಗಿರುತ್ತವೆ. ಬಣ್ಣದ ವಿವರ ಹೆಚ್ಚು ಉಳಿಸುವ, ಕ್ಯಾಮೆರಾಗಳ 10 ಬಿಟ್ 4:2:2 ಎಚ್‌ಇವಿಸಿಯನ್ನೂ ಇದು ಹಾರ್ಡ್‌ವೇರ್‌ನಲ್ಲೇ ಓದುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯ ಕಾರ್ಡುಗಳಿಗೂ ಅದು ಸಾಧ್ಯವಿಲ್ಲ.

12400ಎಫ್ ಸ್ವಲ್ಪ ಅಗ್ಗ. ಆದರೆ ಅದರಲ್ಲಿ ಈ ಗ್ರಾಫಿಕ್ಸೇ ಇಲ್ಲ. ಆಟಕ್ಕೆ ಅದು ಸರಿ, ಎಡಿಟಿಂಗ್‌ಗೆ ಬೇಡ. ಎಎಮ್‌ಡಿಯ ರೈಜೆನ್ 5 5600ಕ್ಕೂ ಇದೇ ಮಾತು. 5600ಜಿಯಲ್ಲಿ ಗ್ರಾಫಿಕ್ಸ್ ಇದ್ದರೂ ಅದು 4:2:2 ಆಗಲಿ ಎವಿ1 (ಎಚ್‌ಇವಿಸಿಯಂಥ ಇನ್ನೊಂದು ವಿಡಿಯೋ ರೂಪ) ಆಗಲಿ ಡೀಕೋಡ್ ಮಾಡದು.

ಚಿಪ್ ತಂದ ಮಾತ್ರಕ್ಕೆ ಕ್ವಿಕ್ ಸಿಂಕ್ ಕೆಲಸಕ್ಕೆ ಬರುತ್ತದೆ ಎಂದುಕೊಳ್ಳಬೇಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದೊಡನೆ ಎಷ್ಟೋ ಮದರ್‌ಬೋರ್ಡುಗಳು ಒಳಗಿನದನ್ನು ಆಫ್ ಮಾಡಿಬಿಡುತ್ತವೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ‘ಐಜಿಪಿಯು ಮಲ್ಟಿ ಮಾನಿಟರ್’ ಅಥವಾ ಅದನ್ನು ಹೋಲುವ ಆಯ್ಕೆಯನ್ನು ಎನೇಬಲ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ. ಪ್ರೀಮಿಯರ್ ಪ್ರೊ ಬಳಸುವವರು ಪ್ರಿಫರೆನ್ಸಸ್‌ನ ಮೀಡಿಯಾ ವಿಭಾಗದಲ್ಲಿ ಹಾರ್ಡ್‌ವೇರ್ ಡೀಕೋಡಿಂಗ್‌ಗೆ ಇಂಟೆಲ್ ಆಯ್ಕೆ ಮಾಡಿ ಪ್ರೋಗ್ರಾಂ ಮುಚ್ಚಿ ತೆರೆಯಬೇಕು. ಆಮೇಲೆ ವಿಡಿಯೋ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಇಂಟೆಲ್ ಜಿಪಿಯುವಿನ ‘ವಿಡಿಯೋ ಡೀಕೋಡ್’ ಗ್ರಾಫ್ ನೋಡಿ. ಅದು ಸೊನ್ನೆಯಲ್ಲೇ ಮಲಗಿದ್ದರೆ ಕೆಲಸವೆಲ್ಲ ಇನ್ನೂ ಕೋರ್‌ಗಳ ತಲೆ ಮೇಲೆಯೇ ಇದೆ.

ರ್‍ಯಾಮ್ 16 ಜಿಬಿಗಿಂತ ಕಡಿಮೆ ಬೇಡ, ಅದೂ 8 ಜಿಬಿಯ ಎರಡು ಸ್ಟಿಕ್ಕುಗಳಾಗಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಒಂದೇ ಸ್ಟಿಕ್ ಹಾಕಿದರೆ ಅದಕ್ಕೆ ಸಿಗುವ ಬ್ಯಾಂಡ್‌ವಿಡ್ತ್ (ರ್‍ಯಾಮ್‌ನಿಂದ ಡೇಟಾ ಹರಿಯುವ ವೇಗ) ಅರ್ಧಕ್ಕೆ ಇಳಿಯುತ್ತದೆ. ಈ ಚಿಪ್ ಡಿಡಿಆರ್4, ಡಿಡಿಆರ್5 ಎರಡಕ್ಕೂ ಹೊಂದುತ್ತದೆ, ಬೋರ್ಡಿನ ಸ್ಲಾಟ್ ಮಾತ್ರ ಯಾವುದಾದರೂ ಒಂದಕ್ಕೆ. ಬೋರ್ಡಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿಯೇ ರ್‍ಯಾಮ್ ಕೊಳ್ಳಿ.

ಕೊರತೆಗಳೂ ಇವೆ. ಎವಿ1 ವಿಡಿಯೋ ಓದುತ್ತದೆ, ಆದರೆ ಹಾರ್ಡ್‌ವೇರ್‌ನಲ್ಲಿ ಎವಿ1 ಆಗಿ ಎಕ್ಸ್‌ಪೋರ್ಟ್ ಮಾಡಲಾಗದು. ಎಚ್‌ಇವಿಸಿಗಿಂತ ಹಳೆಯ ಎಚ್.264ರ 10 ಬಿಟ್ 4:2:2 ತುಣುಕುಗಳಿಗೆ ಕ್ವಿಕ್ ಸಿಂಕ್ ನೆರವಿಗೆ ಬರುವುದಿಲ್ಲ. ಅವಕ್ಕೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗಷ್ಟೇ ಬಳಸುವ ಹಗುರ ಪ್ರತಿ, ಮಾಡಿಕೊಳ್ಳುವುದೇ ದಾರಿ. ನಾಯ್ಸ್ ತೆಗೆಯುವಂಥ ಭಾರದ ಎಫೆಕ್ಟ್‌ಗೆ, ಡಾವಿಂಚಿ ರಿಸಾಲ್ವ್‌ನಲ್ಲಂತೂ, ಬೇರೆ ಕಾರ್ಡ್ ಬೇಕೇ ಬೇಕು. ಎರಡು ಮೂರು ಕ್ಯಾಮೆರಾಗಳ 4ಕೆ ಒಟ್ಟಿಗೆ ಓಡಿಸುವವರು 12500 ನೋಡಲಿ: ಕೋರ್‌ಗಳು ಅಷ್ಟೇ, ಆದರೆ ಅದರ ಯುಎಚ್‌ಡಿ 770ರಲ್ಲಿ ಮೀಡಿಯಾ ಎಂಜಿನ್ (ವಿಡಿಯೋ ಬಿಡಿಸುವ ಭಾಗ) ಎರಡಿವೆ.

ಡಬ್ಬಿಯಲ್ಲಿ ಬರುವ ಕೂಲರ್ ಸಾಕಾಗುತ್ತದೆ, ಉದ್ದದ ಎಕ್ಸ್‌ಪೋರ್ಟ್‌ನಲ್ಲಿ ಸದ್ದು ಮಾಡುತ್ತದೆ ಅಷ್ಟೇ. ಕೂರಿಸುವಾಗ ಎದುರುಬದುರಿನ ಪಿನ್ನುಗಳನ್ನು ಜೋಡಿಯಾಗಿ ಒತ್ತಿ, ನಾಲ್ಕೂ ಬೋರ್ಡಿನ ಹಿಂಬದಿಗೆ ಪೂರ್ತಿ ಹೊರಬಂದಿವೆಯೇ ನೋಡಿ. ಒಂದು ಸಡಿಲವಿದ್ದರೂ ಚಿಪ್ ಕಾದು, ಎಕ್ಸ್‌ಪೋರ್ಟ್ ನಡುವೆ ವೇಗ ಕುಸಿಯುತ್ತದೆ.