ಸ್ಕ್ವಾಡ್ರನ್ ಪ್ಯಾಚ್: ಕಸೂತಿಯದಾ, ರಬ್ಬರಿನದಾ?
ಮೈಸೂರಿನ ಬನ್ನಿಮಂಟಪದಲ್ಲಿ ವಾಯುಪಡೆಯ ಸೂರ್ಯಕಿರಣ್ ವಿಮಾನಗಳನ್ನು ನೋಡಿ ಬಂದ ಮೇಲೆ ನನ್ನ ತಮ್ಮನಿಗೆ ಪ್ಯಾಚ್ ಹುಚ್ಚು ಹಿಡಿದಿದೆ, ಅದೇ, ಸಮವಸ್ತ್ರದ ಮೇಲೆ ಹಚ್ಚುವ ಲಾಂಛನದ ತುಂಡು. ಸ್ಕ್ವಾಡ್ರನ್‌ನವರು, ಅಂದರೆ ವಾಯುಪಡೆಯ ಒಂದು ವಿಮಾನ ತುಕಡಿಯವರು, ತರಬೇತಿಗೆ ಬೇರೆ ನೆಲೆಗೆ ಹೋದಾಗ ನೆನಪಿಗೆ ಅಂತ ಪ್ಯಾಚ್ ಮಾಡಿಸುತ್ತಾರೆ. 2008ರಲ್ಲಿ ನಮ್ಮ ಸುಖೋಯ್-30 ಯುದ್ಧವಿಮಾನಗಳು ಅಮೆರಿಕದ ನೆಲ್ಲಿಸ್ ವಾಯುನೆಲೆಗೆ ರೆಡ್ ಫ್ಲ್ಯಾಗ್ ಅನ್ನುವ ಯುದ್ಧಾಭ್ಯಾಸಕ್ಕೆ ಹೋಗಿದ್ದವಲ್ಲ, ಅಂಥ ಪ್ರವಾಸಗಳ ಪ್ಯಾಚ್ ಕೂಡಿಡುವ ಆಸೆ ಇದ್ದರೆ ಕಸೂತಿಯದನ್ನೇ ತೆಗೆದುಕೊಳ್ಳಿ. ದಾರದ ಉಬ್ಬು ಬೆರಳಿಗೆ ಸಿಗುತ್ತದೆ. ಅದರ ಅಂದವೇ ಬೇರೆ. ಅಂಚಿಗೆ ದಪ್ಪ ಹೊಲಿಗೆ ಇದೆಯಾ ನೋಡಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ. ತೊಂದರೆ ಒಂದೇ: ಊರು, ವರ್ಷ, ವಿಮಾನ ಎಲ್ಲವನ್ನೂ ಮೂರು ಇಂಚಿನಲ್ಲಿ ತುರುಕಿದರೆ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ. ಅಕ್ಷರ ಜಾಸ್ತಿ ಇದ್ದರೆ ನೇಯ್ದ ಪ್ಯಾಚ್ ವಾಸಿ, ಚಪ್ಪಟೆಯಾದರೂ ಓದಲು ಬರುತ್ತದೆ.

ರಬ್ಬರಿನಂತೆ ಕಾಣುವ ಪಿವಿಸಿ ಪ್ಯಾಚ್ ಮಳೆಗೂ ಬೆವರಿಗೂ ಜಗ್ಗುವುದಿಲ್ಲ, ಒರೆಸಿದರೆ ಸಾಕು. ದಿನಾ ಹೊರುವ ಬ್ಯಾಗಿಗೆ ಅದೇ ಸರಿ. ಆದರೆ ಭಾರ, ಗಡಸು. ಆಲ್ಬಮ್‌ನಲ್ಲಿ ಇಟ್ಟರೆ ಹಾಳೆ ಉಬ್ಬುತ್ತದೆ.

ಯಾವುದೇ ಆಗಲಿ, ಹಿಂದೆ ವೆಲ್ಕ್ರೋ ಇರಲಿ. ಕೊಕ್ಕೆಯ ಭಾಗ ಪ್ಯಾಚಿಗೆ, ಮೆತ್ತನೆಯದು ಬಟ್ಟೆಗೆ. ಇಸ್ತ್ರಿ ಮಾಡಿ ಅಂಟಿಸುವುದು ಬೇಡ, ಆಮೇಲೆ ಕೀಳುವಾಗ ಹಾಳಾಗುತ್ತದೆ.